ರೊಮೇನಿಯಾದ ದುಮಿತ್ರಪ್ಪ

ಸೊಲ್ಲಾಪುರ
೨೪ ಮೇ ೧೯೩೦

ಅಕ್ಕನಿಗೆ ಸಿದ್ರಾಮನ ಶರಣು.

ಬದುಕಿದ್ದೇನೆ. ಇದನ್ನು ಮೊದಲ ಸಾಲಿನಲ್ಲೇ ಬರೆದರೆ ಉಳಿದದ್ದನ್ನು ನೀನು ಸಮಾಧಾನದಿಂದ ಕೂತು ಓದುತ್ತೀ ಎಂದು ಗೊತ್ತು. ಈ ಕಾಗದವನ್ನು ಟಪಾಲಿಗೆ ಹಾಕಿಲ್ಲ. ಅಕ್ಕಲಕೋಟ ರೋಡ ಸ್ಟೇಶನ್ನಿನಲ್ಲಿ ಪ್ರಯಾಣಿಕರಿಗೆ ನೀರು ಕೊಡುವ ನಿಮ್ಮ ಹನ್ನೂರಿನ ನಿಂಗಣ್ಣ ನನ್ನನ್ನು ಹುಡುಕಿಕೊಂಡು ಪ್ರೆಸ್ಸಿಗೇ ಬಂದ. "ನಿಮ್ಮಕ್ಕ ಸರಿಯಾಗಿ ಉಣವಲ್ಲರು. ಬದುಕಿದ್ದೀನಿ ಅಂತ ಒಂದ್ ಚೀಟಿ ಬರ್ದ್ ಕೊಡ್ರಿ" ಅಂದ. ಅವನ ರುಮಾಲಿನ ಮಡಿಕೆಯಲ್ಲಿ ಇದು ಬರುತ್ತದೆ.

ಊರು ಲಷ್ಕರದ ಕೈಯಲ್ಲಿದೆ. ಗಿರಣಿಯ ಜನ ಬೀದಿಗೆ ಇಳಿದರು, ಪೊಲೀಸರು ಗುಂಡು ಹಾರಿಸಿದರು, ಜನ ಚೌಕಿಗೆ ಬೆಂಕಿ ಇಟ್ಟು ಪೊಲೀಸರನ್ನು ಕೊಂದರು. ನಾನು ಬರೆದುಕೊಳ್ಳಲು ಹೋಗಿದ್ದೆ. ಗೋಡೆಗೆ ಒರಗಿ ಒಬ್ಬ ನೇಕಾರ ಕೂತಿದ್ದ. ಹೊಟ್ಟೆಯಿಂದ ಹೊರಬಂದದ್ದನ್ನು ಧೋತರದಲ್ಲಿ ಕಟ್ಟಿ ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಮನೆಗೆ ಬಂದ ನೆಂಟನ ಹಾಗೆ ಸಂಕೋಚದಿಂದ ನೀರು ಕೇಳಿದ. ನನ್ನ ಹತ್ತಿರ ನೀರಿರಲಿಲ್ಲ, ಪೆನ್ಸಿಲ್ ಇತ್ತು. ಆ ಮುಖ ಕಣ್ಣಿಂದ ಹೋಗುತ್ತಿಲ್ಲ ಅಕ್ಕಾ.

ನನಗೇನೂ ಆಗಿಲ್ಲ. ಸ್ವಲ್ಪ ಜ್ವರ. ಬೋರಲು ಮಲಗಿ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟ ಬಂದಿದೆ.

ಇನ್ನು ನಮ್ಮ 'ಕಂದೀಲು' ವಾರಪತ್ರಿಕೆಯ ಸಂಗತಿ. ಸಿಪಾಯಿಗಳು ನಮ್ಮ ಅಚ್ಚಿನ ಕಟ್ಟುಗಳನ್ನು ಬೀದಿಗೆ ಚೆಲ್ಲಿದ ಮೇಲೆ ಲಷ್ಕರದ ಸಾಹೇಬನ ಕಾರಕೂನ ಅಪ್ಪಣೆ ಕೊಡಿಸಿದ: ಊರ ಸುದ್ದಿ ಬೇಡ, ಮುಂಬಯಿಯದು ಬೇಡ, ಕಾಂಗ್ರೆಸ್ಸಿನದು ಬೇಡ, ಪರದೇಶದ್ದು ಏನಾದರೂ ಹಾಕಿಕೊಳ್ಳಿ. ಅಂದೇ ಅಟ್ಲಾಸು ತೆರೆದು ಕೂತೆ. ಇಂಗ್ಲಂಡಿನ ನೆರೆಹೊರೆ ಬೇಡ, ರಶಿಯಾ ಅಂತೂ ಬೇಡವೇ ಬೇಡ. ಬೆರಳು ರೊಮೇನಿಯಾದ ಮೇಲೆ ನಿಂತಿತು. ಇನ್ನು ಮುಂದೆ ಬುಖಾರೆಸ್ಟಿನಿಂದ ದುಮಿತ್ರು ಎಂಬ ಪತ್ರಕರ್ತ ನಮಗೆ ವಾರವಾರ ಬರೆಯುತ್ತಾನೆ. ಬುಖಾರೆಸ್ಟ್ ಎಂದರೆ ಸೊಲ್ಲಾಪುರ. ಡ್ಯಾನ್ಯೂಬ್ ಎಂದರೆ ನಿಮ್ಮ ಬೋರಿ ಹೊಳೆ. ರಾಜ ಎಂದರೆ ಹೊಳೆಯಾಚೆಯ ಇನಾಮದಾರ, ಪ್ರಧಾನಿ ಎಂದರೆ ಅವನ ಕಾರಭಾರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪತ್ರಿಕೆಯ ಕಟ್ಟನ್ನು ಗುರುವಾರದ ಗಾಡಿಯಿಂದ ಎಸೆಯುತ್ತಾರೆ, ನಿಂಗಣ್ಣ ಎತ್ತಿಕೊಂಡು ಬರುತ್ತಾನೆ. ಈ ಗುಟ್ಟು ನಿನ್ನಲ್ಲಿರಲಿ.

ನಿನ್ನ ತಮ್ಮ
ಸಿದ್ರಾಮ

*

ಹನ್ನೂರ
೧೯ ಜೂನ್ ೧೯೩೦

ತಮ್ಮ ಸಿದ್ರಾಮನಿಗೆ ಗುರುಲಿಂಗಮ್ಮನ ಆಶೀರ್ವಾದ.

ಜ್ವರ ಎಂದು ಬರೆದೆ. ಕಂದೀಲಿನಲ್ಲಿ ಬೇರೆಯೇ ಇದೆ. ಬುಖಾರೆಸ್ಟಿನ ಸಿಪಾಯಿಗಳು ಬಿಳಿ ಟೊಪ್ಪಿಗೆ ಹಾಕಿದ್ದಕ್ಕೆ ದುಮಿತ್ರಪ್ಪನನ್ನು ಗಾಡಿಯ ಗಾಲಿಗೆ ಕಟ್ಟಿ ಬೆತ್ತದಿಂದ ಹೊಡೆದರು, ಅಂಗಿ ತೆಗೆಯುವಾಗ ಬೆನ್ನಿನ ತೊಗಲೂ ಅದರ ಜೊತೆ ಬಂತು, ಅವನು ಈಗ ಬೋರಲು ಮಲಗಿ ಬರೆಯುತ್ತಾನೆ. ಊರ ಗಾಣದ ಮುಂದೆ ಹತ್ತು ಜನರೆದುರು ಓದುತ್ತಿದ್ದವಳು ಅಲ್ಲಿಗೇ ನಿಲ್ಲಿಸಿ ಹಿತ್ತಲಿಗೆ ಹೋಗಿ ಅತ್ತೆ. ಅವ್ವ ಇಲ್ಲದ ನಿನ್ನನ್ನು ನಾನು ಬೆನ್ನ ಮೇಲೆ ಹೊತ್ತು ಬೆಳೆಸಿದವಳು. ನಿನ್ನ ಬೆನ್ನಿನ ಸುದ್ದಿಯನ್ನು ನನಗೆ ದುಮಿತ್ರಪ್ಪ ಹೇಳಬೇಕೇ? ಇರಲಿ. ಇನ್ನು ಮೇಲೆ ನಿನ್ನ ಕಾಗದವನ್ನು ಮರ್ಯಾದೆಗೆ ಓದುತ್ತೇನೆ, ದುಮಿತ್ರಪ್ಪನನ್ನು ಸತ್ಯಕ್ಕೆ ಓದುತ್ತೇನೆ.

ಹೌದು, ಇಲ್ಲಿ ಅವನ ಹೆಸರು ದುಮಿತ್ರಪ್ಪ ಆಗಿದೆ. ಗುಟ್ಟು ನನ್ನಲ್ಲಿ ಉಳಿಯಲಿಲ್ಲ. ಅಪ್ಪ ಮಂಗಳವೇಢೆಯ ಮಠದ ಮರಳಿನಲ್ಲಿ ನಮ್ಮಿಬ್ಬರಿಗೂ ಅಕ್ಷರ ತಿದ್ದಿಸಿದ; ಈ ಊರಿನಲ್ಲಿ ಕನ್ನಡ ಓದುವವಳು ನಾನೊಬ್ಬಳೇ, ಸಾಲಿಯೆಲ್ಲ ಮರಾಠಿ. ಗುರುವಾರ ಗಾಣ ನಿಲ್ಲಿಸಿ ನನ್ನ ಸುತ್ತ ಕೂಡುತ್ತಾರೆ. ಓದಿ ಮುಗಿದ ಮೇಲೆ 'ತಿರುವಿ ಹಾಕು' ಎನ್ನುತ್ತಾರೆ, ರೊಟ್ಟಿ ತಿರುವಿದ ಹಾಗೆ. ನಾನು ರಾಜನನ್ನು ತಿರುವಿ ಇನಾಮದಾರ ಮಾಡುತ್ತೇನೆ. ಎರಡನೇ ವಾರಕ್ಕೇ ನನ್ನ ಮೈದುನ ಗೊಲ್ಲಾಳಪ್ಪ, "ವೈನೀ, ಈ ದುಮಿತ್ರಪ್ಪ ನಿಮ್ಮ ಸಿದ್ರಾಮನ ಹಂಗ ಸಿಟ್ಟಿಗೇಳ್ತಾನಲ್ಲ" ಎಂದು ನಕ್ಕ. ವಿಧವೆ ಅತ್ತಿಗೆ ಪತ್ರಿಕೆ ಓದುವುದನ್ನು ಹೆಮ್ಮೆಯಿಂದ ನೋಡುವ ಮೈದುನ ಎಷ್ಟು ಮನೆಯಲ್ಲಿದ್ದಾನೆ, ಹೇಳು.

ರೊಮೇನಿಯಾ ಎಂಬ ಹೆಸರು ಬಹಳ ಚೆನ್ನಾಗಿ ಹುಟ್ಟಿಸಿದ್ದೀ. ನಿಂಗಣ್ಣನ ಹೆಂಡತಿ ರಖಮಾಬಾಯಿ ಬಾಯಿಗೆ ಸೆರಗು ಹಿಡಿದು, "ಇಂಥಾ ಊರು ಎಲ್ಲಿರ್ತದವ್ವ, ಕೇಳಿದರ ಬಾಯಾಗ ಬೆಲ್ಲ ಇಟ್ಟಂಗ ಆಗ್ತೈತಿ" ಅಂದಳು. ಬೆನ್ನಿಗೆ ಅರಿಶಿನ ಎಣ್ಣೆ ಹಚ್ಚಿಸಿಕೋ.

ಅಕ್ಕ

*

ಸೊಲ್ಲಾಪುರ
೨ ಆಗಸ್ಟ್ ೧೯೩೦

ಅಕ್ಕಾ,

ಬೆನ್ನು ವಾಸಿಯಾಗಿದೆ. ಲಷ್ಕರ ಹೋಯಿತು, ಪತ್ರಿಕೆಗಳ ಮೇಲಿನ ಕಾಯಿದೆ ಉಳಿಯಿತು, ಹಾಗಾಗಿ ದುಮಿತ್ರುವೂ ಉಳಿದ. ಪತ್ರಿಕೆಗೆ ಜನ ಕಾದು ನಿಲ್ಲುತ್ತಾರೆ. ನಿನ್ನೆ ಒಬ್ಬ ವಕೀಲರು ಬಂದು, ದುಮಿತ್ರುವಿನಂಥ ನಿರ್ಭೀತ ಪತ್ರಕರ್ತ ನಮ್ಮಲ್ಲಿ ಯಾಕೆ ಹುಟ್ಟುವುದಿಲ್ಲ ಎಂದು ನನ್ನ ಮುಖಕ್ಕೇ ಹೇಳಿ ನಿಟ್ಟುಸಿರು ಬಿಟ್ಟರು. ಅಚ್ಚಿನ ಮೊಳೆ ಜೋಡಿಸುವ ನಮ್ಮ ನಾಮದೇವ ನಗು ತಡೆಯಲಾರದೆ ಮೇಜಿನ ಕೆಳಗೆ ಬಿದ್ದ ಮೊಳೆ ಹುಡುಕಲು ಹೋದ.

ಮುಂದಿನ ತಿಂಗಳು ದುಮಿತ್ರುವನ್ನು ಸಂಪಾದಕನನ್ನಾಗಿ ಮಾಡಬೇಕೆಂದಿದ್ದೇನೆ. ನನಗಿಂತ ಮೊದಲು ಅವನಿಗೆ ಬಡ್ತಿ.

ಹೆಸರು ಚೆನ್ನಾಗಿದೆ ಎಂದಿದ್ದೀ. ರಖಮಾಬಾಯಿಯ ಬಾಯಿಯ ಬೆಲ್ಲ ಕರಗದೇ ಇರಲಿ.

ಸಿದ್ರಾಮ

*

ಹನ್ನೂರ
೧೧ ಅಕ್ಟೋಬರ್ ೧೯೩೧

ಸಿದ್ರಾಮಾ,

ಇದನ್ನು ಓದುವಾಗ ಬಳಿಯಲ್ಲಿ ಯಾರೂ ಇರದಿರಲಿ.

ಕೇರಿಯ ಸೈದಪ್ಪನನ್ನು ನೀನು ಬಲ್ಲೆ. ನನ್ನ ಗಂಡ ತೀರಿಕೊಂಡಾಗ ಕೂಗಳತೆ ದೂರದಲ್ಲಿ ನಿಂತು ರಾತ್ರಿಯೆಲ್ಲ ಹಲಗೆ ಬಾರಿಸಿದವನು. ಇನಾಮದಾರನ ಹೊಲದಲ್ಲಿ ಬಿಟ್ಟಿ ದುಡಿಯಲು ಕರೆದರೆ, "ಹೆಂಡತಿ ಬಸರದಾಳ್ರಿ, ನಾಳೆ ಬರ್ತೀನಿ" ಅಂದನಂತೆ. ಅಷ್ಟೇ ಅಂದದ್ದು. ಕಾರಭಾರಿ ಅವನನ್ನು ಇನಾಮದಾರನ ವಾಡೆಯ ಮುಂದಿನ ಬೇವಿನ ಮರಕ್ಕೆ ತಲೆಕೆಳಗು ಕಟ್ಟಿಸಿದ. ಕೆಳಗೆ ಮೆಣಸಿನಕಾಯಿಯ ಹೊಗೆ ಹಾಕಿಸಿದ. ತಾನು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ. ಆಳುಗಳು ಬಾರಕೋಲಿನಿಂದ ಹೊಡೆಯುತ್ತಲೇ ಇದ್ದರು. ಮಧ್ಯಾಹ್ನದ ಹೊತ್ತಿಗೆ ಕೂಗು ನಿಂತಿತು. ಇಳಿಸಿದಾಗ ಕಣ್ಣುಗಳು ಇದ್ದ ಜಾಗದಲ್ಲಿ ಇರಲಿಲ್ಲ. ಗೊಲ್ಲಾಳಪ್ಪ ನೋಡಿಬಂದವನು ಅನ್ನ ಮುಟ್ಟಲಿಲ್ಲ. ನಮ್ಮ ಹೊಲವೂ ಇನಾಮಿನ ಗಡಿಯೊಳಗೇ ಇದೆ, ಅದಕ್ಕೆ ಊರೆಲ್ಲ ಕಂಡೂ ಕಾಣದಂತೆ ಕೂತಿದೆ. ನಾನೂ ಕೂತಿದ್ದೇನೆ.

ಇದನ್ನು ದುಮಿತ್ರಪ್ಪನಿಗೆ ಹೇಳು.

ನಿಂಗಣ್ಣನ ಕೈಯಲ್ಲಿ ಇನ್ನು ಕಾಗದ ಕಳಿಸಲಾರೆ. ಹೋದ ವಾರ ಕಾರಭಾರಿಯ ಆಳುಗಳು ಅವನನ್ನು ದಾರಿಯಲ್ಲಿ ತಡೆದು, ರುಮಾಲು ಬಿಚ್ಚಿಸಿ, ಏನೂ ಸಿಗದ ಸಿಟ್ಟಿಗೆ ಅವನ ಮುಂದಿನ ಹಲ್ಲುಗಳನ್ನು ಕಲ್ಲಿನಿಂದ ಬೀಳಿಸಿದರು. ಪತ್ರಿಕೆಯನ್ನು ಮಾತ್ರ ತರುತ್ತೇನೆ ಎನ್ನುತ್ತಾನೆ. "ಅದು ಅಚ್ಚಾದದ್ದು, ಅದರಾಗ ಪರದೇಶದ ಸುದ್ದಿ ಐತಿ, ನಂದೇನೈತಿ ತಪ್ಪು" ಎಂದು ಬೊಚ್ಚು ಬಾಯಲ್ಲಿ ನಗುತ್ತಾನೆ. ಇದು ಎಣ್ಣೆ ಮಾರುವವನ ಡಬ್ಬಿಯ ಅಡಿಯಲ್ಲಿ ಬರುತ್ತಿದೆ. ಟಪಾಲಿನಲ್ಲಿ ಬಂದದ್ದನ್ನೆಲ್ಲ ಚಾವಡಿಯಲ್ಲಿ ಒಡೆದು ನೋಡುತ್ತಾರೆ. ಟಪಾಲಿನಲ್ಲಿ ಬರೆಯುವಾಗ ಅವರಿಗೆ ಹಿತವಾಗುವಂತೆ ಬರಿ.

ಅಕ್ಕ

*

ಸೊಲ್ಲಾಪುರ
೧ ಡಿಸೆಂಬರ್ ೧೯೩೧

ಅಕ್ಕಾ,

ಉಭಯಕುಶಲ. ಇಲ್ಲಿ ಹವೆ ಚೆನ್ನಾಗಿದೆ. ಕಾರಭಾರಿ ಸಾಹೇಬರ ಆಡಳಿತದಲ್ಲಿ ಊರು ಸುಭಿಕ್ಷವಾಗಿರುವುದನ್ನು ಕೇಳಿ ಸಂತೋಷವಾಯಿತು.

ನನ್ನದು ಒಂದೇ ಬೇಸರ. ಅಕ್ಕಲಕೋಟ ಸಂಸ್ಥಾನದ ಸರಹದ್ದಿನೊಳಗೆ ನಾನು ಕಾಲಿಡಬಾರದೆಂದು ಹುಕುಂ ಬಂದಿದೆ. ಕಾರಣ ಬರೆದಿಲ್ಲ. ದೂರದ ರೊಮೇನಿಯಾದಲ್ಲಿ ಒಬ್ಬ ಬಡವನನ್ನು ಮರಕ್ಕೆ ತೂಗುಹಾಕಿದರೆ ಇಲ್ಲಿಯವರಿಗೆ ಯಾಕೆ ಕೋಪವೋ ನನಗೆ ತಿಳಿಯದು. ಈ ಸಲ ನಿನ್ನ ಕೈಯ ಹೋಳಿಗೆ ಇಲ್ಲ.

ಪುಣೆಯ ಒಂದು ಮರಾಠಿ ದೈನಿಕದವರು ದುಮಿತ್ರುವಿನ ಲೇಖನಗಳನ್ನು ಅನುವಾದಿಸಿ ಹಾಕುತ್ತಿದ್ದಾರೆ. ಅವನ ಹೆಸರು ನನಗಿಂತ ಬಹಳ ದೂರ ಹೋಗಿದೆ.

ಸಿದ್ರಾಮ

*

ಹನ್ನೂರ
೧೭ ಡಿಸೆಂಬರ್ ೧೯೩೩

ಸಿದ್ರಾಮಾ,

ಎಣ್ಣೆಯವನನ್ನು ಬೇಡಿಕೊಂಡು ಇದನ್ನು ಕಳಿಸುತ್ತಿದ್ದೇನೆ.

ಸೈದಪ್ಪನ ಸುದ್ದಿ ದುಮಿತ್ರಪ್ಪನ ಬಾಯಿಂದ ಬಂದ ಮೇಲೆ ಕಾರಭಾರಿಗೆ ಮೇಲಿನವರು ಛೀಮಾರಿ ಹಾಕಿದ್ದರು. ಆ ಬೇವಿನ ಮರಕ್ಕೆ ಎರಡು ವರ್ಷ ಮನುಷ್ಯರನ್ನು ಕಟ್ಟಲಿಲ್ಲ, ಎಮ್ಮೆ ಕಟ್ಟಿದ್ದರು. ಜನ ದುಮಿತ್ರಪ್ಪನ ಹೆಸರಿನಲ್ಲಿ ಗಾಣಕ್ಕೆ ತೆಂಗಿನಕಾಯಿ ಒಡೆದರು. ದುಮಿತ್ರಪ್ಪನಿಗೆ ಸೆರೆಯಾಯಿತು ಎಂದು ಕಂದೀಲಿನಲ್ಲಿ ಬಂದ ವಾರ ಗಾಣ ತಿರುಗಲಿಲ್ಲ. ನೀನೂ ಆಗ ಸೆರೆಯಲ್ಲಿದ್ದೆ. ನೀನು ಕಾಗದದಲ್ಲಿ 'ಪ್ರವಾಸ' ಎಂದು ಬರೆದಿದ್ದೆ.

ಈಗ ಎಮ್ಮೆ ಬಿಚ್ಚಿದ್ದಾರೆ. ಹೋದ ಸೋಮವಾರ ಕಾರಭಾರಿಯ ಆಳುಗಳು ನಮ್ಮ ಹೊಲಕ್ಕೆ ನುಗ್ಗಿ ಹಾಲುಗಾಳಿನ ಜೋಳವನ್ನು ಕುದುರೆಗೆಂದು ಕೊಯ್ದರು. ಗೊಲ್ಲಾಳಪ್ಪ ಅಡ್ಡ ನಿಂತ. ಅವನ ಬಲಗೈಯನ್ನು ಗಾಡಿಯ ಮೂಕಿಯ ಮೇಲೆ ಚಾಚಿ ಹಿಡಿದು ಒನಕೆಯಿಂದ ಕುಟ್ಟಿದರು, ಮೊಣಕೈಯಿಂದ ಬೆರಳಿನವರೆಗೆ, ಮೆಣಸು ಕುಟ್ಟುವ ಹಾಗೆ ಸಾವಕಾಶವಾಗಿ. ಕಾರಭಾರಿ ಪಕ್ಕದಲ್ಲೇ ನಿಂತು, "ಈ ಕೈಲೇ ಏನ್ ಕಂದೀಲು ಹಿಡೀತಿದ್ದೀ?" ಎಂದು ಕೇಳಿದನಂತೆ. ಕೈ ಕಪ್ಪಾಗಿ ನಾರುತ್ತಿದೆ. ವೈದ್ಯ ಕಡಿಯಬೇಕು ಎನ್ನುತ್ತಾನೆ. ಗೊಲ್ಲಾಳಪ್ಪ ಅಳುವುದಿಲ್ಲ. ಎಡಗೈಯಿಂದ ಕೊಡಲಿ ಎತ್ತಿ ಕಟ್ಟಿಗೆ ಒಡೆಯುವುದನ್ನು ಕಲಿಯುತ್ತಿದ್ದಾನೆ. ಬೆಳಗಿನಿಂದ ಸಂಜೆಯವರೆಗೆ ಅದೇ ಸದ್ದು. ನಮ್ಮ ಮನೆಗೆ ಅಷ್ಟು ಕಟ್ಟಿಗೆ ಬೇಕಾಗಿಲ್ಲ.

ಏನು ಮಾಡಬೇಕು ಹೇಳು. ಕಾಗದದಲ್ಲಿ ಹೇಳಬೇಡ. ಗೊಲ್ಲಾಳಪ್ಪ ನನ್ನ ಮಾತು ಕೇಳುವುದಿಲ್ಲ, ನಿನ್ನದೂ ಕೇಳುವುದಿಲ್ಲ. "ದುಮಿತ್ರಪ್ಪ ಏನಂತಾನ ಕೇಳೂಣು ವೈನಿ. ಅಂವ ತಡಿ ಅಂದರ ತಡೀತೀನಿ, ನಡಿ ಅಂದರ ನಡೀತೀನಿ" ಎಂದಿದ್ದಾನೆ.

ಅಕ್ಕ

*

ಸೊಲ್ಲಾಪುರ
೨೪ ಡಿಸೆಂಬರ್ ೧೯೩೩

ಅಕ್ಕಾ,

ಗೊಲ್ಲಾಳಪ್ಪನಿಗೆ ತಾಳ್ಮೆ ಹೇಳು. ಕೈ ಎತ್ತುವುದು ಬೇಡ. ಅರ್ಜಿ ಬರೆದು ಮೇಲಿನವರಿಗೆ ಕಳಿಸೋಣ, ನ್ಯಾಯ ಸಿಗುತ್ತದೆ. ಅವನನ್ನು ಮಿರಜಿನ ದವಾಖಾನೆಗೆ ಕರೆದುಕೊಂಡು ಹೋಗಿ.

ನಾನು ಒಂದು ಕೆಲಸದ ಮೇಲೆ ಕೆಲವು ದಿನ ಊರಲ್ಲಿರುವುದಿಲ್ಲ. ಬಂದ ಮೇಲೆ ವಿವರವಾಗಿ ಬರೆಯುತ್ತೇನೆ.

ಸಿದ್ರಾಮ

*

ಹನ್ನೂರ
೧೦ ಜನವರಿ ೧೯೩೪

ಸಿದ್ರಾಮಾ,

ನೀನು ಹೇಳಿದಂತೆ ಆಯಿತು.

ಅರ್ಜಿ, ತಾಳ್ಮೆ ಎಂದು ನೀನು ಬರೆದ ಕಾಗದವನ್ನು ಚಾವಡಿಯವರು ಓದಿ, ನಗುತ್ತಲೇ ಕೊಟ್ಟರು. ನಾನೂ ಒಳಗೇ ನಕ್ಕೆ. ಗುರುವಾರ ನಿಂಗಣ್ಣ ಕಂದೀಲು ತಂದ. ಗಾಣದ ಮುಂದೆ ಕಾಲಿಡಲು ಜಾಗವಿರಲಿಲ್ಲ. ದುಮಿತ್ರಪ್ಪನ ಅಂಕಣ ಈ ಸಲ ಚಿಕ್ಕದು, ಮಾತು ನೇರ. 'ರೊಮೇನಿಯಾದ ಪ್ರಧಾನಿಯನ್ನು ರೈಲ್ವೆ ಸ್ಟೇಶನ್ನಿನಲ್ಲಿ, ಗಾಡಿಗೆ ಕಾಯುತ್ತಿದ್ದಾಗ, ಪ್ಲಾಟಫಾರ್ಮಿನ ಮೇಲೆಯೇ ಕೊಂದರು.' ತಿರುವಿ ಹಾಕು ಎಂದು ಯಾರೂ ಕೇಳಲಿಲ್ಲ. ಗೊಲ್ಲಾಳಪ್ಪ ಎದ್ದು ನಿಂತ. ಒಂದೇ ಮಾತು ಕೇಳಿದ, "ಸ್ಟೇಶನ್ನಿನಾಗ ಅಂತ ಬರದಾನ?" ಹೌದು ಎಂದೆ.

ಕಾರಭಾರಿ ಮಂಗಳವಾರ ಸಂಕ್ರಮಣದ ಸಂತೆಗೆಂದು ಸೊಲ್ಲಾಪುರದ ಗಾಡಿಗೆ ಹೊರಟಿದ್ದ. ಗೊಲ್ಲಾಳಪ್ಪ ಕಂಬಳಿಯೊಳಗೆ ಕೊಡಲಿ ಇಟ್ಟುಕೊಂಡು ಬೆಂಚಿನ ಹಿಂದೆ ಕೂತಿದ್ದ. ಮೊದಲ ಏಟು ಹೆಗಲಿಗೆ ಬಿತ್ತು. ಕಾರಭಾರಿ ಒದರುತ್ತ ನೀರಿನ ಹಂಡೆಯ ಕಡೆ ಓಡಿದ. ಅಲ್ಲಿ ನಿಂಗಣ್ಣ ಇದ್ದ. ಅವನು ಯಾರು ಏನು ನೋಡಲಿಲ್ಲ, ಬೀಳುತ್ತಿದ್ದವನನ್ನು ಹಿಡಿಯಲು ಹೋದ, ತಂಬಿಗೆ ಇನ್ನೂ ಕೈಯಲ್ಲೇ ಇತ್ತು. ಎಡಗೈಯ ಏಟು ಅಳತೆಯಲ್ಲಿರಲಿಲ್ಲ. ನಿಂಗಣ್ಣನ ಕುತ್ತಿಗೆಗೆ ಬಿತ್ತು, ಅಲ್ಲೇ ಜೀವ ಹೋಯಿತು. ಆಮೇಲೆ ಗೊಲ್ಲಾಳಪ್ಪ ಕಾರಭಾರಿಯನ್ನು ಎಷ್ಟು ಸಲ ಕಡಿದನೋ, ಹಳಿಗಳವರೆಗೂ ತುಂಡುಗಳು ಸಿಡಿದಿದ್ದವು ಎನ್ನುತ್ತಾರೆ. ಹಂಡೆ ಉರುಳಿ ನೀರೆಲ್ಲ ಕೆಂಪಾಗಿ ಪ್ಲಾಟಫಾರ್ಮಿನ ಅಂಚಿನಿಂದ ಸುರಿಯುತ್ತಿತ್ತಂತೆ.

ಗೊಲ್ಲಾಳಪ್ಪ ಜೋಳದಲ್ಲಿದ್ದಾನೆ. ಬೆಳೆ ಆಳೆತ್ತರ ಇದೆ, ಸಿಕ್ಕುವುದಿಲ್ಲ. ನಿಂಗಣ್ಣನ ವಿಷಯಕ್ಕೆ ಬಹಳ ಸಂಕಟ ಪಡುತ್ತಾನೆ. ನಾನು ರಖಮಾಬಾಯಿಯ ಮನೆಗೆ ಹೋದೆ, ಬಾಗಿಲು ತೆರೆಯಲಿಲ್ಲ. ಯುದ್ಧದಲ್ಲಿ ಹೀಗೆಲ್ಲ ಆಗುತ್ತದೆ ಎಂದು ದುಮಿತ್ರಪ್ಪನೇ ಒಮ್ಮೆ ಬರೆದಿದ್ದ. ಆದರೂ ನನಗೆ ನಿನ್ನೆಯಿಂದ ನೀರು ಕುಡಿಯಲು ಆಗುತ್ತಿಲ್ಲ.

ಅಕ್ಕ

*

ಸೊಲ್ಲಾಪುರ
೧೨ ಜನವರಿ ೧೯೩೪

ಅಕ್ಕಾ, ಅಕ್ಕಾ,

ನಾನು ಹೇಳಲಿಲ್ಲ. ಕೇಳು, ನಾನು ಹೇಳಲಿಲ್ಲ.

ಎಣ್ಣೆಯವನು ನಿನ್ನ ಕಾಗದ ಕೊಟ್ಟು, ಇನ್ನು ಆ ಊರಿಗೆ ಮರಳಲಾರೆ ಎಂದು ಓಡಿದ. ನಾಮದೇವನನ್ನು ಕಳಿಸಿದೆ, ಸ್ಟೇಶನ್ನಿನಲ್ಲೇ ಪೊಲೀಸರು ಎರಡು ಬಡಿದು ವಾಪಸು ಗಾಡಿ ಹತ್ತಿಸಿದರು. ನಾನು ಸರಹದ್ದು ದಾಟುವಂತಿಲ್ಲ. ಆದ್ದರಿಂದ ಟಪಾಲಿನಲ್ಲೇ ಬರೆಯುತ್ತಿದ್ದೇನೆ. ಚಾವಡಿಯವರು ಓದಲಿ. ನನ್ನನ್ನು ಗಲ್ಲಿಗೆ ಹಾಕಿದರೂ ಹಾಕಲಿ, ನೀನೊಬ್ಬಳು ನಂಬು.

ರೊಮೇನಿಯಾ ನಿಜವಾದ ದೇಶ. ನಾನು ಹುಟ್ಟಿಸಿದ್ದಲ್ಲ. ಅಲ್ಲಿ ರಾಜನಿದ್ದಾನೆ, ಪ್ರಧಾನಿ ಇದ್ದ. ಅವನನ್ನು ಡಿಸೆಂಬರ್ ಕೊನೆಗೆ ಅಲ್ಲಿಯ ಒಂದು ಸ್ಟೇಶನ್ನಿನಲ್ಲಿ ನಿಜವಾಗಿಯೂ ಕೊಂದರು. ಮುಂಬಯಿಯ ಎಲ್ಲ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ತಂತಿಯ ಸುದ್ದಿ ಅದು. ನಾನು ಪುಣೆಗೆ ಹೋಗಿದ್ದೆ. ಮರಾಠಿ ದೈನಿಕದವರು ಕೆಲಸ ಕೊಡುತ್ತೇವೆ ಎಂದು ಕರೆದಿದ್ದರು. ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡೇ ಹೋದೆ, ಅಲ್ಲಿ ಅವರ ಹೊಗಳಿಕೆ ಕೇಳುತ್ತ ಮೂರು ದಿನ ಹೆಚ್ಚು ಕೂತೆ. ಬರೆದು ಕಳಿಸಲು ಸೋಮಾರಿತನವಾಗಿ ನಾಮದೇವನಿಗೆ ತಂತಿ ಕೊಟ್ಟೆ: ರೊಮೇನಿಯಾದ್ದೇ ಸುದ್ದಿ ಇದೆಯಲ್ಲ, ದುಮಿತ್ರುವಿನ ಜಾಗಕ್ಕೆ ಅದನ್ನೇ ಹಾಕು. ಇಷ್ಟು ವರ್ಷದಲ್ಲಿ ದುಮಿತ್ರು ರೊಮೇನಿಯಾದ ಬಗ್ಗೆ ಬರೆದದ್ದು ಅದೊಂದೇ ಸಲ.

ಅದು ನಿಮಗೆ ಹೇಳಿದ್ದಲ್ಲ. ಅದು ಯಾರಿಗೂ ಹೇಳಿದ್ದಲ್ಲ. ಗೊಲ್ಲಾಳಪ್ಪನಿಗೆ ಕೊಡಲಿ ಕೆಳಗಿಡಲು ಹೇಳು. ಸಂಸ್ಥಾನ ಬಿಟ್ಟು ಸೊಲ್ಲಾಪುರಕ್ಕೆ ಬಂದು ಶರಣಾದರೆ ವಕೀಲರನ್ನು ಇಡುತ್ತೇನೆ, ಅವನ ಜಜ್ಜಿದ ಕೈಯನ್ನೇ ನ್ಯಾಯಾಧೀಶರ ಮುಂದೆ ಎತ್ತಿ ತೋರಿಸುತ್ತೇನೆ. ಬದುಕುವ ದಾರಿ ಇದೊಂದೇ.

ಸಿದ್ರಾಮ

*

ಹನ್ನೂರ
೧೬ ಜನವರಿ ೧೯೩೪

ಚಿರಂಜೀವಿ ಸಿದ್ರಾಮನಿಗೆ,

ನಿನ್ನ ಕಾಗದ ತಲುಪಿತು. ಚಾವಡಿಯಲ್ಲಿ ಅದನ್ನು ಗಟ್ಟಿಯಾಗಿ ಓದಿಯೇ ಕೊಟ್ಟರು. ಬಹಳ ಚೆನ್ನಾಗಿ ಬರೆದಿದ್ದೀ ತಮ್ಮಾ. ಎಷ್ಟು ಚೆನ್ನಾಗಿ ಎಂದರೆ ನನಗೂ ಒಂದು ಗಳಿಗೆ ನಿಜ ಎನಿಸಿತು. ನೀನು ಹೀಗೆಯೇ ಬರೆಯಬೇಕು, ನನಗೆ ಗೊತ್ತು. ಬೆನ್ನು ಸುಲಿದರೂ ಜ್ವರ ಎಂದು ಬರೆದವನು ನೀನು. ಹೆದರಬೇಡ, ನಿನ್ನ ಹೆಸರು ನಮ್ಮ ಯಾರ ಬಾಯಿಂದಲೂ ಬರುವುದಿಲ್ಲ.

ಮನೆಯಲ್ಲಿ ಕುಶಲ. ಎಡಗೈಯವನು ಇನ್ನೊಂದು ದೊಡ್ಡ ಮನೆಗೂ ಹೋಗಿಬರಬೇಕು ಎನ್ನುತ್ತಾನೆ. ಹಿರಿಯರು ಏನು ಹೇಳುತ್ತಾರೋ ಕೇಳಿ ಹೊರಡು ಎಂದು ತಡೆದಿದ್ದೇನೆ. ಹೋದ ಗುರುವಾರ ಹಿರಿಯರು ಬರಲಿಲ್ಲ, ಸಂಕ್ರಮಣದ ಗದ್ದಲವಿರಬೇಕು. ಈ ಗುರುವಾರಕ್ಕೆ ಎಲ್ಲರೂ ಕಾಯುತ್ತಿದ್ದೇವೆ. ಅವರು ತಡೆ ಎಂದರೆ ತಡೆಯುತ್ತಾನೆ. ಅವರೂ ಸುಮ್ಮನಿದ್ದರೆ ನನ್ನ ಕೈಯಲ್ಲಿಲ್ಲ.

ಅಕ್ಕ

*

ಸೊಲ್ಲಾಪುರ
೧೮ ಜನವರಿ ೧೯೩೪

ಅಕ್ಕಾ,

ನಿನ್ನ ಕಾಗದ ನಿನ್ನೆ ಸಂಜೆ ಕೈ ಸೇರಿತು. ನೀನು ನನ್ನನ್ನು ನಂಬುವುದಿಲ್ಲ, ಅವನನ್ನು ನಂಬುತ್ತೀ. ಹಾಗಾದರೆ ಅವನೇ ಹೇಳಲಿ.

ಆಗಲೇ ಜೋಡಿಸಿದ್ದ ಪುಟ ಒಡೆಸಿದೆ. ನಾಮದೇವ ಕೈ ಹಿಡಿದುಕೊಂಡ, "ಅಣ್ಣಾರ, ಇದು ಅಚ್ಚಾತಂದರ ನೀವ್ ಉಳಿಯಂಗಿಲ್ಲ" ಎಂದ. ಜೋಡಿಸು ಎಂದೆ. ಅಳುತ್ತ ಜೋಡಿಸಿದ. ಕಟ್ಟು ಮಧ್ಯಾಹ್ನದ ಗಾಡಿಗೆ ಹೋಗಿದೆ, ನಾನೇ ಗಾರ್ಡಿನ ಕೈಗೆ ಕೊಟ್ಟು ಬಂದೆ. ಸಂಜೆಗೆ ನಿನ್ನ ಕೈಯಲ್ಲಿರುತ್ತದೆ. ಗಾಣದ ಮುಂದೆ ಗಟ್ಟಿಯಾಗಿ ಓದು. ಗೊಲ್ಲಾಳಪ್ಪನಿಗೆ ಕೇಳಿಸುವಂತೆ ಓದು.

ಕೆಳಗೆ ಬೂಟಿನ ಸದ್ದಾಗುತ್ತಿದೆ. ನನಗೇನೂ ಭಯವಿಲ್ಲ. ಇದು ಸುಳ್ಳು, ಭಯವಿದೆ. ಆದರೆ ಪತ್ರಿಕೆ ಹೋಯಿತು.

ಸಿದ್ರಾಮ

*

ಹನ್ನೂರ
೨ ಫೆಬ್ರವರಿ ೧೯೩೪

ಸೊಲ್ಲಾಪುರದ ಜೈಲಿನಲ್ಲಿರುವ ನನ್ನ ತಮ್ಮನಿಗೆ,

ಈ ಕಾಗದವನ್ನು ಯಾರು ಒಡೆದು ಓದಿದರೂ ಓದಲಿ. ಇನ್ನು ತಿರುವಿ ಹಾಕುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ಗುರುವಾರ ಸಂಜೆ ಎಲ್ಲರೂ ಗಾಣದ ಮುಂದೆ ಕೂತೆವು. ಪತ್ರಿಕೆ ಬರಲಿಲ್ಲ. ಶುಕ್ರವಾರವೂ ಕೂತೆವು. ಅವನೇ ಹೇಳಲಿ ಎಂದು ನೀನು ಬರೆದ ಕಾಗದವನ್ನು ಚಾವಡಿಯವರು ವಾರ ಕಳೆದ ಮೇಲೆ ಕೊಟ್ಟರು. ಗೊಲ್ಲಾಳಪ್ಪ ಜೋಳದ ಅಂಚಿಗೆ ಬಂದು, ಬಂತೇನು ವೈನಿ ಎಂದು ಕೇಳುತ್ತಿದ್ದ. ಇಲ್ಲ ಎಂದೆ. ಕೈಯ ನಾತ ಹತ್ತು ಮಾರು ದೂರಕ್ಕೆ ಬರುತ್ತಿತ್ತು, ಮೈ ಸುಡುತ್ತಿತ್ತು. ಶನಿವಾರ ಬೆಳಿಗ್ಗೆ, "ದುಮಿತ್ರಪ್ಪ ಬ್ಯಾಡ ಅನ್ನಾಂವಿದ್ರ ಇಷ್ಟೊತ್ತಿಗೆ ಅಂದಿರ್ತಿದ್ದ. ಸುಮ್ಮ ಅದಾನಂದ್ರ ಹೋಗು ಅಂದಂಗ" ಎಂದ. ನಾನು ಅವನ ಕಾಲು ಹಿಡಿಯಲಿಲ್ಲ ಸಿದ್ರಾಮಾ. ಹಿಡಿಯಬಹುದಿತ್ತು. ನನಗೂ ಹಾಗೇ ಅನಿಸಿತ್ತು.

ವಾಡೆಯ ಬಾಗಿಲವರೆಗೂ ಹೋಗಲು ಅವನಿಗೆ ಆಗಲಿಲ್ಲ. ಆಳುಗಳು ಕಾದಿದ್ದರು. ಕೊಡಲಿ ಕಸಿದು ಅದರ ಕಾವಿನಿಂದಲೇ ಹೊಡೆದರು. ಬಿದ್ದ ಮೇಲೆ ನೊಗ ತಂದು ಎದೆಯ ಮೇಲೆ ಇಟ್ಟು ಆ ಕಡೆ ಇಬ್ಬರು, ಈ ಕಡೆ ಇಬ್ಬರು ನಿಂತರು. ಪಕ್ಕೆಲುಬು ಮುರಿಯುವ ಸದ್ದು ಹೊಳೆಯ ಈಚೆಗೆ ಬಟ್ಟೆ ಒಗೆಯುವ ಹೆಂಗಸರಿಗೆ ಕೇಳಿಸಿತಂತೆ. ಆಮೇಲೆ ಅದೇ ಬೇವಿನ ಮರಕ್ಕೆ ಕಟ್ಟಿದರು. ಎರಡು ದಿನ ಇಳಿಸಲು ಬಿಡಲಿಲ್ಲ. ನಾನು ಮರದ ಕೆಳಗೆ ಕೂತು ಕಾಗೆ ಓಡಿಸಿದೆ.

ಪತ್ರಿಕೆ ಯಾಕೆ ಬರಲಿಲ್ಲ ಎಂದು ನಾವ್ಯಾರೂ ಯೋಚಿಸಿರಲಿಲ್ಲ. ನೀನೂ ಯೋಚಿಸಲಿಲ್ಲ. ಇಷ್ಟು ವರ್ಷ ಅದು ತಾನಾಗಿಯೇ ನಡೆದುಬರುತ್ತಿತ್ತು ಎಂದುಕೊಂಡಿದ್ದೆವೇನೋ. ತರುವವನನ್ನು ನಾವೇ ಕೊಂದಿದ್ದೆವು.

ಗೊಲ್ಲಾಳಪ್ಪನನ್ನು ಮಣ್ಣು ಮಾಡಿಬಂದ ದಿನ ರಖಮಾಬಾಯಿ ನಮ್ಮ ಮನೆಯ ಹೊಸ್ತಿಲಿಗೆ ಬಂದಳು. ಗಂಡನ ತಂಬಿಗೆ, ಕಂಬಳಿ ತರಲು ಸ್ಟೇಶನ್ನಿಗೆ ಹೋಗಿದ್ದಳಂತೆ. ನೀರಿನ ಹಂಡೆಯ ಹಿಂದೆ ಕಂದೀಲಿನ ಎರಡು ಕಟ್ಟು ಬಿದ್ದಿದ್ದವು. ಕಟ್ಟಿದ ಸೂತಲಿ ದಾರ ಕೂಡ ಬಿಚ್ಚಿರಲಿಲ್ಲ. ಅವುಗಳನ್ನು ತಲೆಯ ಮೇಲೆ ಹೊತ್ತು ನಡೆದು ಬಂದಿದ್ದಳು. "ಅಂವ ಇದ್ದಿದ್ದರ ತರ್ತಿದ್ದ. ಅದಕ್ಕ ತಂದೀನಿ. ಓದು" ಎಂದಳು. ಒಳಗೆ ಬಾ ಎಂದೆ. ಬರಲಿಲ್ಲ. "ಗಾಣದ ಮುಂದ ಓದತಿದ್ದೆಲ್ಲ, ಅಲ್ಲೇ ಓದು. ಎಲ್ಲಾರೂ ಕೇಳಲಿ."

ಗಾಣದ ಮುಂದೆ ನಿಂತು ಓದಿದೆ. ದುಮಿತ್ರಪ್ಪನ ಅಂಕಣದ ಕೆಳಗೆ ನಿನ್ನ ಹೆಸರು ದಪ್ಪ ಅಕ್ಷರದಲ್ಲಿತ್ತು. 'ನಾನು ರೊಮೇನಿಯಾದವನಲ್ಲ, ಆ ದೇಶವನ್ನು ಕಂಡವನೂ ಅಲ್ಲ. ನಾನು ಮಂಗಳವೇಢೆಯ ಸಿದ್ರಾಮ. ಹನ್ನೂರಿನ ಜನರೇ, ಸ್ಟೇಶನ್ನಿನ ಸುದ್ದಿ ಆ ದೇಶದ್ದು, ನಿಮ್ಮದಲ್ಲ. ಯಾರನ್ನೂ ಕೊಲ್ಲಿರಿ ಎಂದು ನಾನು ಬರೆಯಲಿಲ್ಲ. ಗೊಲ್ಲಾಳಪ್ಪಾ, ತಡೆ. ನಿಂಗಣ್ಣನ ಹೆಂಡತಿಯ ಕಾಲಿಗೆ ನನ್ನ ಹಣೆ.' ಅಲ್ಲಿಯವರೆಗೆ ಓದಿದೆ. ಪತ್ರಿಕೆಯನ್ನು ಮಡಿಸಿ ರಖಮಾಬಾಯಿಯ ಮುಂದೆ ಇಟ್ಟೆ. ನಿನ್ನ ಒಂದು ಕಾಗದವನ್ನಾದರೂ ಮರ್ಯಾದೆಗಲ್ಲದೆ ಸತ್ಯಕ್ಕೆ ಓದಿದ್ದರೆ ಮೂರನೆಯ ಹೆಣ ಬೀಳುತ್ತಿರಲಿಲ್ಲ. ಒಂದು ಕಾಗದವನ್ನಾದರೂ ನೀನು ಮೊದಲಿನಿಂದ ಸತ್ಯವಾಗಿ ಬರೆದಿದ್ದರೆ ಮೊದಲ ಎರಡೂ ಬೀಳುತ್ತಿರಲಿಲ್ಲ. ಇದನ್ನು ನಿನ್ನನ್ನು ಚುಚ್ಚಲು ಬರೆಯುತ್ತಿಲ್ಲ. ನಮ್ಮಿಬ್ಬರಿಗೆ ಬೇರೆ ಯಾರು ಉಳಿದಿದ್ದಾರೆ, ಹೇಳಿಕೊಳ್ಳಲು?

ಜನ ಒಬ್ಬೊಬ್ಬರಾಗಿ ಎದ್ದು ಹೋದರು. ರಖಮಾಬಾಯಿ ಹೋಗಲಿಲ್ಲ. ಗಂಡನ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಎತ್ತು ಕಟ್ಟುವ ಗೂಟದ ಬಳಿ ಕೂತಳು. ಆಮೇಲೆ ಕೇಳಿದಳು, "ಹಂಗಾದರ ಆ ಊರು ಐತೇನವ್ವ, ಖರೇನ?"

ಐತಿ ಎಂದೆ.

"ಸ್ಟೇಶನ್ನೂ ಐತಿ?"

ಐತಿ ಎಂದೆ.

ಸೆರಗಿನಿಂದ ತಂಬಿಗೆಯನ್ನು ಒರೆಸಿದಳು. "ಹಂಗಾದರ ಅಲ್ಲೂ ಯಾರರೆ ನೀರು ಕೊಡಾಂವ ಇದ್ದಿರಬೇಕು" ಎಂದಳು.

ಅಕ್ಕ